ಗೋಡೆ ಬಿದ್ದ ಊರಿನ ಚರ್ಚುಗಳು

ಬರ್ಲಿನ್ ನಗರದ ಬೆರ್ನಾವರ್ ಬೀದಿಯಲ್ಲಿ ಮಣ್ಣಿನ ಗೋಡೆಯ ಪುಟ್ಟ ಪ್ರಾರ್ಥನಾಮಂದಿರವೊಂದಿದೆ. ಮಂಗಳವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಚಿಕ್ಕದೊಂದು ಪ್ರಾರ್ಥನೆ ನಡೆಯುತ್ತದೆ. ಬರ್ಲಿನ್ ಗೋಡೆಯ ಬಳಿ ಪ್ರಾಣ ಕಳೆದುಕೊಂಡವರಲ್ಲಿ ದಿನಕ್ಕೊಬ್ಬರ ಬದುಕಿನ ಕಥೆಯನ್ನು ಓದುತ್ತಾರೆ: ಎಲ್ಲಿ ಹುಟ್ಟಿದರು, ಏನು ಕೆಲಸ ಮಾಡುತ್ತಿದ್ದರು, ಯಾವ ರಾತ್ರಿ ಯಾವ ಕಡೆಯಿಂದ ದಾಟಲು ಹೋದರು. ಹೀಗೆ ಸತ್ತವರು ಕಡಿಮೆಯೆಂದರೂ 140 ಮಂದಿ. ಹೆಸರುಗಳು ಮುಗಿದರೆ ಮತ್ತೆ ಮೊದಲಿನಿಂದ ಶುರು. ಕೂತು ಕೇಳುವವರಲ್ಲಿ ಪ್ರವಾಸಿಗಳಿರುತ್ತಾರೆ, ಶಾಲೆಯ ಮಕ್ಕಳಿರುತ್ತಾರೆ, ದೇವರನ್ನು ನಂಬದವರೂ ಇರುತ್ತಾರೆ.

ಈ ಜಾಗದಲ್ಲಿ ಮೊದಲು 1894ರಲ್ಲಿ ಕಟ್ಟಿದ ದೊಡ್ಡ ಇಟ್ಟಿಗೆಯ ಚರ್ಚು ಇತ್ತು. ಅದರ ಹೆಸರು ಸಂಧಾನದ ಚರ್ಚು. 1961ರ ಆಗಸ್ಟ್ 13ರಂದು ಪೂರ್ವ ಬರ್ಲಿನ್ನನ್ನು ಪಶ್ಚಿಮದಿಂದ ಬೇರ್ಪಡಿಸುವ ಗೋಡೆಯ ಕೆಲಸ ಆರಂಭವಾದಾಗ ಗಡಿ ಇದರ ಮುಂಬಾಗಿಲಿಗೇ ಬಂತು. ಕಟ್ಟಡ ಪೂರ್ವಕ್ಕೆ ಸೇರಿತು. ಸಭೆಯ ಬಹುಪಾಲು ಸದಸ್ಯರು ರಸ್ತೆಯಾಚೆ ಪಶ್ಚಿಮದ ವೆಡ್ಡಿಂಗ್ ಪ್ರದೇಶದಲ್ಲಿ ಉಳಿದರು. ಎರಡೇ ತಿಂಗಳಲ್ಲಿ ಚರ್ಚನ್ನು ಮುಚ್ಚಿದರು. ಮುಂದೆ ಇಪ್ಪತ್ತಮೂರು ವರ್ಷ ಅದು ಎರಡು ಗೋಡೆಗಳ ನಡುವಿನ ‘ಸಾವಿನ ಪಟ್ಟಿ’ ಎಂಬ ನಿಷಿದ್ಧ ನೆಲದಲ್ಲಿ ಒಂಟಿಯಾಗಿ ನಿಂತಿತ್ತು. ಗಂಟೆಗೋಪುರವನ್ನು ಗಡಿ ಕಾವಲುಗಾರರು ಕಣ್ಗಾವಲಿಗೆ ಬಳಸುತ್ತಿದ್ದರು. ಕೊನೆಗೆ 1985ರ ಜನವರಿ 22ರಂದು ಚರ್ಚಿನ ಒಡಲನ್ನೂ 28ರಂದು ಗೋಪುರವನ್ನೂ ಸಿಡಿಮದ್ದಿಟ್ಟು ಕೆಡವಿದರು. ಇನ್ನು ಐದು ವರ್ಷವೂ ತುಂಬದೆ ಗೋಡೆಯೇ ಬೀಳಲಿತ್ತು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಗೋಡೆ ಬಿದ್ದ ಮೇಲೆ ಜಾಗ ಸಭೆಗೆ ಮರಳಿತು. ಹಳೆಯ ಚರ್ಚನ್ನು ಇದ್ದಂತೆಯೇ ಮತ್ತೆ ಕಟ್ಟುವ ದಾರಿಯನ್ನು ಸಭೆ ಹಿಡಿಯಲಿಲ್ಲ. ವಾಸ್ತುಶಿಲ್ಪಿಗಳಾದ ರುಡಾಲ್ಫ್ ರೈಟರ್ಮನ್ ಮತ್ತು ಪೀಟರ್ ಸಾಸೆನ್‌ರೋಟ್ ಅಂಡಾಕಾರದ ಸಣ್ಣ ಮಂದಿರವೊಂದರ ನಕ್ಷೆ ಕೊಟ್ಟರು. ಮಣ್ಣಿನ ಕಟ್ಟಡದ ಕುಶಲಿ ಮಾರ್ಟಿನ್ ರೌಖ್ ಗೋಡೆಗಳನ್ನು ಎಬ್ಬಿಸಿದರು. ಪದರ ಪದರವಾಗಿ ಮಣ್ಣು ಹಾಕಿ, ದಿಮ್ಮಸು ಹೊಡೆದು ಗಟ್ಟಿ ಮಾಡಿದ ಗೋಡೆ ಅದು. ನಮ್ಮ ಹಳ್ಳಿಮನೆಗಳ ಮಣ್ಣುಗೋಡೆಯನ್ನು ಬಲ್ಲವರಿಗೆ ಈ ಕೆಲಸ ಹೊಸದೇನಲ್ಲ. ಆದರೆ ಆ ಮಣ್ಣಿನಲ್ಲಿ ಸಿಡಿಸಿದ ಚರ್ಚಿನ ಇಟ್ಟಿಗೆ, ಕಲ್ಲುಗಳ ಪುಡಿಯೂ ಸೇರಿದೆ. ಹತ್ತಿರ ಹೋಗಿ ನೋಡಿದರೆ ಕೆಂಪು ಚೂರುಗಳು ಕಾಣುತ್ತವೆ. 2000ದ ನವೆಂಬರ್ 9ರಂದು, ಗೋಡೆ ಬಿದ್ದ ಹನ್ನೊಂದನೆಯ ವರ್ಷಕ್ಕೆ, ಮಂದಿರದ ಪ್ರತಿಷ್ಠೆಯಾಯಿತು. ಉಳಿಸಿಕೊಂಡಿದ್ದ ಹಳೆಯ ಗಂಟೆಗಳು ಗೋಪುರವಿಲ್ಲದೆ, ಹೊರಗೆ ಮರದ ಚೌಕಟ್ಟಿನಲ್ಲಿ ಆಳೆತ್ತರದಲ್ಲೇ ತೂಗುತ್ತಿವೆ. ಸುತ್ತಲಿನ ಸಾವಿನ ಪಟ್ಟಿಯಲ್ಲಿ ಈಗ ವರ್ಷವರ್ಷವೂ ರೈ ಧಾನ್ಯ ಬಿತ್ತಿ ಕೊಯ್ಯುತ್ತಾರೆ. ಮೂವತ್ತೈದು ಲಕ್ಷಕ್ಕೂ ಮೇಲ್ಪಟ್ಟು ಜನರಿರುವ ರಾಜಧಾನಿಯ ನಟ್ಟನಡುವೆ ಬೆಳೆ ನಿಂತ ಹೊಲ!

ಗೋಡೆ ಒಡೆದದ್ದು ಇದೊಂದೇ ಸಭೆಯನ್ನಲ್ಲ. ಪೂರ್ವದಲ್ಲಿ ಉಳಿದ ಕ್ಯಾಥೊಲಿಕರ ಸಂತ ಮಿಖಾಯೆಲ್ ಚರ್ಚು ಇನ್ನೊಂದು ಉದಾಹರಣೆ. ಅದರ ಪಶ್ಚಿಮದ ಭಕ್ತರು ಕ್ರೊಯಿತ್ಸ್‌ಬೆರ್ಗ್ ಪ್ರದೇಶದಲ್ಲಿ ಅದೇ ಹೆಸರಿನ ಬೇರೆ ಚರ್ಚು ಕಟ್ಟಿಕೊಂಡರು. ಹಾಗಾಗಿ ಇವತ್ತಿಗೂ ನಡಿಗೆಯ ದೂರದಲ್ಲಿ ಒಂದೇ ಸಂತನ ಹೆಸರಿನ ಎರಡು ಚರ್ಚುಗಳಿವೆ.

ಆಡಳಿತದಲ್ಲಿ ಕ್ಯಾಥೊಲಿಕರದೂ ಪ್ರೊಟೆಸ್ಟೆಂಟರದೂ ಬೇರೆ ಬೇರೆ ಹಾದಿಯಾಯಿತು. ಕ್ಯಾಥೊಲಿಕ್ ಧರ್ಮಪ್ರಾಂತ್ಯ ಕಾಗದದ ಮೇಲೆ ಕೊನೆಯವರೆಗೂ ಒಂದೇ ಆಗಿತ್ತು. ಧರ್ಮಾಧ್ಯಕ್ಷರು ಪೂರ್ವದಲ್ಲಿದ್ದು, ಪೂರ್ವ ಜರ್ಮನಿಯ ಸರ್ಕಾರ ಕೊಟ್ಟ ಕೆಲವೇ ದಿನಗಳ ಅನುಮತಿಯ ಮೇಲೆ ಪಶ್ಚಿಮದ ಭಕ್ತರನ್ನು ಕಂಡುಬರುತ್ತಿದ್ದರು. ಪ್ರೊಟೆಸ್ಟೆಂಟರ ಬಿಷಪ್ ಓಟೋ ಡಿಬೇಲಿಯಸ್ ಪಶ್ಚಿಮದಲ್ಲಿದ್ದರು. ಅವರಿಗೆ ಪೂರ್ವದ ಬಾಗಿಲು ಮುಚ್ಚಿತು. 1972ರಲ್ಲಿ ಪೂರ್ವದವರು ಆಲ್ಬ್ರೆಖ್ಟ್ ಶೋನ್‌ಹೆರ್ ಅವರನ್ನು ತಮ್ಮ ಬಿಷಪ್ಪರನ್ನಾಗಿ ಮಾಡಿಕೊಂಡರು. ಆ ಎರಡು ಭಾಗಗಳು ಮತ್ತೆ ಕೂಡಿದ್ದು 1991ರಲ್ಲಿ.

ಕಾಗದದ ಮೇಲಿನ ಕೂಡಿಕೆ ಸುಲಭವಾಗಿತ್ತು, ಜನರನ್ನು ಮರಳಿ ತರುವುದು ಸುಲಭವಾಗಲಿಲ್ಲ. ಪೂರ್ವ ಜರ್ಮನಿಯಲ್ಲಿ 1950ರ ಹೊತ್ತಿಗೆ ನೂರಕ್ಕೆ ಎಂಬತ್ತು ಮಂದಿ ಪ್ರೊಟೆಸ್ಟೆಂಟರು. 1989ರ ಹೊತ್ತಿಗೆ ಉಳಿದವರು ಸುಮಾರು ಇಪ್ಪತ್ತೈದು. ಸರ್ಕಾರ ಚರ್ಚುಗಳಿಗೆ ಬೀಗ ಹಾಕಲಿಲ್ಲ, ಅಷ್ಟು ಒರಟಾಗಿ ಕೆಲಸ ಮಾಡಬೇಕಾಗಿಯೂ ಇರಲಿಲ್ಲ. ಹದಿನಾಲ್ಕರ ಹುಡುಗ ಹುಡುಗಿಯರಿಗೆ ಚರ್ಚಿನ ದೃಢೀಕರಣದ ವಿಧಿಗೆ ಎದುರಾಗಿ ‘ಯುಗೆಂಡ್‌ವೈಹೆ’ ಎಂಬ ಸರ್ಕಾರಿ ದೀಕ್ಷೆಯನ್ನು 1954-55ರಿಂದ ಹರಡಿತು. ಅದನ್ನು ಒಲ್ಲೆನೆಂದ ಮಕ್ಕಳಿಗೆ ಮುಂದಿನ ಓದಿನ ದಾರಿ ಕಿರಿದಾಯಿತು. ತಂದೆತಾಯಿಗಳು ಲೆಕ್ಕ ಹಾಕಿದರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಚರ್ಚಿನ ಬಾಗಿಲು ತುಳಿಯದ ಮನೆಗಳೇ ಹೆಚ್ಚಾದವು. ಸೋಜಿಗವೆಂದರೆ, ಸರ್ಕಾರ ಹೋದ ಮೇಲೂ ಆ ದೀಕ್ಷೆ ಹೋಗಲಿಲ್ಲ. ರಾಜಕೀಯವನ್ನು ಕಳಚಿಕೊಂಡು, ಮನೆಯವರ ಹಬ್ಬವಾಗಿ ಪೂರ್ವದ ಕುಟುಂಬಗಳಲ್ಲಿ ಇಂದಿಗೂ ನಡೆದುಕೊಂಡು ಬರುತ್ತಿದೆ.

ಹೀಗಿದ್ದರೂ ಪೂರ್ವದ ಚರ್ಚುಗಳು ಕಿಕ್ಕಿರಿದ ಕಾಲವೊಂದಿತ್ತು. ಸರ್ಕಾರದ ಅಪ್ಪಣೆಯಿಲ್ಲದೆ ಜನ ಒಟ್ಟಾಗಿ ಕೂರಬಹುದಾದ ಜಾಗ ಬೇರೆ ಇರಲಿಲ್ಲ. ಫ್ರೀಡ್ರಿಖ್ಸ್‌ಹೈನ್ ಪ್ರದೇಶದ ಸಮಾರ್ಯದ ಚರ್ಚಿನಲ್ಲಿ 1979ರಿಂದ ಬ್ಲೂಸ್ ಸಂಗೀತದ ಆರಾಧನೆಗಳು ನಡೆದವು. ಉದ್ದಗೂದಲಿನ ಯುವಕರು ಊರೂರುಗಳಿಂದ ಬಂದರು. ಅವುಗಳನ್ನು ನಡೆಸಿದ ಸಭಾಪಾಲಕ ರೈನರ್ ಎಪೆಲ್ಮನ್ 1990ರಲ್ಲಿ ಪೂರ್ವ ಜರ್ಮನಿಯ ಕೊನೆಯ ಸರ್ಕಾರದಲ್ಲಿ ರಕ್ಷಣಾ ಖಾತೆಯ ಮಂತ್ರಿಯಾದರು. ಜಿಯೋನ್ ಚರ್ಚಿನ ಸಭೆಯ ನೆಲಮಾಳಿಗೆಯಲ್ಲಿ 1986ರಲ್ಲಿ ಪರಿಸರ ಗ್ರಂಥಾಲಯವೊಂದು ಹುಟ್ಟಿತು. ಮರುವರ್ಷ ನವೆಂಬರಿನಲ್ಲಿ ಗುಪ್ತ ಪೊಲೀಸರು ರಾತ್ರೋರಾತ್ರಿ ಅಲ್ಲಿಗೆ ನುಗ್ಗಿ ಅಚ್ಚಿನ ಯಂತ್ರಗಳನ್ನು ಹೊತ್ತುಕೊಂಡು ಹೋದರು. 1989ರ ಅಕ್ಟೋಬರಿನಲ್ಲಿ ಗೆತ್ಸೇಮನೆ ಚರ್ಚಿನಲ್ಲಿ ಬಂಧಿತರಿಗಾಗಿ ಹಗಲಿರುಳು ಪ್ರಾರ್ಥನೆ ನಡೆಯಿತು. ಮೆಟ್ಟಿಲ ತುಂಬ ಮೇಣದಬತ್ತಿಗಳು, ಹೊರಗೆ ಲಾಠಿ ಹಿಡಿದ ಪೊಲೀಸರು. ಒಳಗಿದ್ದ ಸಾವಿರಾರು ಜನರಲ್ಲಿ ದೀಕ್ಷಾಸ್ನಾನ ಆಗದವರು ಬಹಳ. ಅವರು ಬಂದದ್ದು ಆಸರೆಗೆ. ನವೆಂಬರ್ 9ರಂದು ಗಡಿ ತೆರೆಯಿತು. ಬಂದವರು ಬಂದ ದಾರಿಯಲ್ಲೇ ಹೊರಟುಹೋದರು. ಇದನ್ನು ಚರ್ಚಿನ ಸೋಲೆಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. ಮಳೆಗೆ ಜಗಲಿಯಲ್ಲಿ ನಿಂತವರು ಮಳೆ ಬಿಟ್ಟ ಮೇಲೆ ಮನೆಗೆ ಹೋಗುವುದು ಜಗಲಿಗೆ ಅವಮಾನವಲ್ಲ.

ಗೆತ್ಸೇಮನೆಯ ಆ ಅಭ್ಯಾಸ ಪೂರ್ತಿ ಅಳಿದಿಲ್ಲ ಎಂಬುದನ್ನೂ ಹೇಳಬೇಕು. 2017ರಲ್ಲಿ ಸಭೆಯ ಸದಸ್ಯರೊಬ್ಬರು ಟರ್ಕಿಯಲ್ಲಿ ಬಂಧನಕ್ಕೊಳಗಾದಾಗ ಅಲ್ಲಿ ಮತ್ತೆ ದಿನಾ ಸಂಜೆ ಬಂಧಿತರಿಗಾಗಿ ಪ್ರಾರ್ಥನೆ ಶುರುವಾಯಿತು.

ಪಶ್ಚಿಮದಲ್ಲಿ ಯಾರ ಒತ್ತಡವೂ ಇರಲಿಲ್ಲ, ಆದರೂ ಪೀಠದ ಮುಂದಿನ ಬೆಂಚುಗಳು ಬರಿದಾದವು. ಅದಕ್ಕೊಂದು ಕಾರಣ ತೆರಿಗೆ. ಜರ್ಮನಿಯಲ್ಲಿ ಚರ್ಚಿನ ಸದಸ್ಯರಾದವರಿಂದ ಸರ್ಕಾರವೇ ತೆರಿಗೆ ವಸೂಲಿ ಮಾಡಿ ಚರ್ಚಿಗೆ ಕೊಡುತ್ತದೆ. ಬರ್ಲಿನ್ನಿನಲ್ಲಿ ಅದು ಆದಾಯ ತೆರಿಗೆಯ ಮೇಲೆ ನೂರಕ್ಕೆ 9ರಷ್ಟು. ಬೇಡವೆಂದವರು ನ್ಯಾಯಾಲಯದ ಕಚೇರಿಗೆ ಹೋಗಿ ‘ಚರ್ಚು ಬಿಟ್ಟೆ’ ಎಂದು ಬರೆದುಕೊಟ್ಟರೆ ಮುಗಿಯಿತು. ಮೊದಲ ಸಂಬಳ ಬಂದ ಯುವಕರು ಸಂಬಳದ ಚೀಟಿಯಲ್ಲಿ ಆ ಕಡಿತವನ್ನು ಕಂಡು ಹೊರಡುತ್ತಾರೆ. ಪೂರ್ವದವರು ಹೆದರಿ ಬಿಟ್ಟದ್ದನ್ನು ಪಶ್ಚಿಮದವರು ಹಾಯಾಗಿ ಬಿಟ್ಟರು. ಇಂದು ಇಡೀ ನಗರದಲ್ಲಿ ಪ್ರೊಟೆಸ್ಟೆಂಟರು ನೂರಕ್ಕೆ ಹನ್ನೆರಡು-ಹದಿಮೂರು, ಕ್ಯಾಥೊಲಿಕರು ಏಳರ ಆಸುಪಾಸು. ಉಳಿದ ಬಹುಪಾಲು ಜನ ಯಾವ ಚರ್ಚಿಗೂ ಸೇರದವರು.

ಆದರೂ ಹಳೆಯ ಗಡಿ ಒಮ್ಮೊಮ್ಮೆ ನಕಾಶೆಯ ಮೇಲೆ ಮೂಡುತ್ತದೆ. 2006ರಿಂದ ಬರ್ಲಿನ್ನಿನ ಪ್ರೌಢಶಾಲೆಗಳಲ್ಲಿ ನೀತಿಪಾಠ ಎಲ್ಲರಿಗೂ ಕಡ್ಡಾಯ. ಅದರ ಬದಲು ಧರ್ಮಪಾಠವನ್ನೂ ಆರಿಸಿಕೊಳ್ಳುವ ಅವಕಾಶ ಬೇಕೆಂದು ಚರ್ಚುಗಳ ಬೆಂಬಲದೊಂದಿಗೆ ಸಹಿ ಸಂಗ್ರಹವಾಗಿ, 2009ರ ಏಪ್ರಿಲ್ 26ರಂದು ಜನಮತ ನಡೆಯಿತು. ಮತ ಹಾಕಲು ಬಂದವರು ನೂರಕ್ಕೆ ಮೂವತ್ತೂ ಇಲ್ಲ. ಬೇಕು ಎಂದವರು 48.5, ಬೇಡ ಎಂದವರು 51.4. ಪಶ್ಚಿಮದ ಹೊರವಲಯದ ವಿಭಾಗಗಳು ಬೇಕೆಂದವು, ಪೂರ್ವದ ವಿಭಾಗಗಳು ದೊಡ್ಡ ಅಂತರದಲ್ಲಿ ಬೇಡವೆಂದವು. ಗೋಡೆ ಬಿದ್ದು ಇಪ್ಪತ್ತು ವರ್ಷ ಆಗುತ್ತ ಬಂದಿದ್ದಾಗಿನ ಮಾತಿದು. ಇನ್ನೊಂದು ಸಣ್ಣ ಸಂಗತಿ: ಲೂಥರನ ಸುಧಾರಣೆಯ ದಿನವನ್ನು ಉತ್ತರ ಜರ್ಮನಿಯ ಹಲವು ರಾಜ್ಯಗಳು ಸರ್ಕಾರಿ ರಜೆ ಮಾಡಿಕೊಂಡಾಗ, ಬರ್ಲಿನ್ 2019ರಿಂದ ಮಾರ್ಚ್ 8ರ ಮಹಿಳಾ ದಿನವನ್ನು ರಜೆಯಾಗಿ ಆರಿಸಿಕೊಂಡಿತು.

ಹೀಗೆ ಸದಸ್ಯರು ಕರಗುತ್ತ ಹೋದ ಊರಲ್ಲಿ ಕಟ್ಟಡಗಳು ಮಾತ್ರ ಹಾಗೇ ಉಳಿದಿವೆ. ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಜನ ತುಂಬಿ ತುಳುಕುತ್ತಾರೆಂದು ಎಣಿಸಿ ಕಟ್ಟಿದವು. ಅವುಗಳಲ್ಲಿ ಹೆಸರಾದದ್ದು ಪಶ್ಚಿಮದ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚು. 1895ರಲ್ಲಿ ಉದ್ಘಾಟನೆಯಾದಾಗ ಅದರ ಗೋಪುರ 113 ಮೀಟರ್ ಎತ್ತರವಿತ್ತು. 1943ರ ನವೆಂಬರಿನ ಬಾಂಬ್ ದಾಳಿಯಲ್ಲಿ ತುದಿ ಮುರಿದು ಮೋಟಾಯಿತು. ವಾಸ್ತುಶಿಲ್ಪಿ ಎಗೊನ್ ಐಯರ್ಮನ್ ಉಳಿದದ್ದನ್ನೂ ಕೆಡವಿ ಹೊಸದು ಕಟ್ಟುವವರಿದ್ದರು. ಊರಿನವರು ಬಿಡಲಿಲ್ಲ. ತಾವೇ ‘ಟೊಳ್ಳು ಹಲ್ಲು’ ಎಂದು ಅಡ್ಡಹೆಸರಿಟ್ಟು ನಗುತ್ತಿದ್ದ ಆ ಮೋಟುಗೋಪುರಕ್ಕಾಗಿ ಜಗಳಕ್ಕೆ ನಿಂತರು. ಹಾಗಾಗಿ ಅದರ ಪಕ್ಕದಲ್ಲಿ ಎಂಟು ಮೂಲೆಯ ಹೊಸ ಚರ್ಚು 1961ರ ಡಿಸೆಂಬರಿನಲ್ಲಿ, ಗೋಡೆ ಎದ್ದ ನಾಲ್ಕೇ ತಿಂಗಳಲ್ಲಿ, ತೆರೆಯಿತು. ಫ್ರಾನ್ಸಿನ ಗಾಜುಗಾರ ಗಾಬ್ರಿಯೆಲ್ ಲುವಾರ್ ಮಾಡಿಕೊಟ್ಟ ಇಪ್ಪತ್ತು ಸಾವಿರಕ್ಕೂ ಹೆಚ್ಚು ನೀಲಿ ಗಾಜುಗಳ ಗೋಡೆ ಅದರದು. ಹೊರಗಿನ ಅಂಗಡಿಸಾಲಿನ ಗದ್ದಲದಿಂದ ಒಳಗೆ ಕಾಲಿಟ್ಟವರಿಗೆ ನೀರಿನೊಳಗೆ ಇಳಿದಂತಾಗುತ್ತದೆ. ಒಳಗೊಂದು ಚಿತ್ರ: ವೈದ್ಯರೂ ಸಭಾಪಾಲಕರೂ ಆಗಿದ್ದ ಕುರ್ಟ್ ರಾಯ್ಬರ್ 1942ರ ಕ್ರಿಸ್‌ಮಸ್‌ನಲ್ಲಿ, ಸ್ಟಾಲಿನ್‌ಗ್ರಾಡ್ ಮುತ್ತಿಗೆಯ ನಡುವೆ, ಸೋವಿಯತ್ ಭೂಪಟವೊಂದರ ಹಿಂಬದಿಯಲ್ಲಿ ಇದ್ದಿಲಿನಿಂದ ಬರೆದ ತಾಯಿ ಮಗು. ಶನಿವಾರದ ಸಂಜೆಗಳಲ್ಲಿ ಇಲ್ಲಿ ಬಾಖನ ಕಂಟಾಟಗಳನ್ನು ಆರಾಧನೆಯ ಅಂಗವಾಗಿಯೇ ಹಾಡುತ್ತಾರೆ. 2016ರ ಡಿಸೆಂಬರ್ 19ರಂದು ಈ ಚರ್ಚಿನ ಕಾಲಬುಡದ ಕ್ರಿಸ್‌ಮಸ್ ಸಂತೆಯ ಮೇಲೆ ಉಗ್ರನೊಬ್ಬ ಲಾರಿ ಹಾಯಿಸಿದ; ಆ ದಾಳಿಯಲ್ಲಿ ಹನ್ನೆರಡು ಜನ ಸತ್ತರು. ಗಾಯಗೊಂಡಿದ್ದ ಇನ್ನೊಬ್ಬರು ವರ್ಷಗಳ ನಂತರ ತೀರಿಕೊಂಡರು. ಮೆಟ್ಟಿಲುಗಳ ಮೇಲೆ ಸತ್ತವರ ಹೆಸರು ಕೆತ್ತಿ, ನೆಲದುದ್ದಕ್ಕೂ ಹೊನ್ನಬಣ್ಣದ ಬಿರುಕೊಂದನ್ನು ಮೂಡಿಸಿದ್ದಾರೆ. ಆ ಬಿರುಕನ್ನು ದಾಟದೆ ಮೆಟ್ಟಿಲು ಹತ್ತುವುದು ಕಷ್ಟ.

ಪೂರ್ವದ ದೊಡ್ಡ ಕಟ್ಟಡವೆಂದರೆ 1905ರ ಬರ್ಲಿನ್ ಡೋಮ್. ದೇವರಿಲ್ಲವೆಂದ ಸರ್ಕಾರ ಇದರ ದುರಸ್ತಿಗೆ 1975ರಲ್ಲಿ ಒಪ್ಪಿದ್ದು ಪಶ್ಚಿಮದ ಚರ್ಚುಗಳು ಬೆಲೆಬಾಳುವ ಪಶ್ಚಿಮದ ಮಾರ್ಕುಗಳಲ್ಲಿ ದುಡ್ಡು ಕೊಟ್ಟದ್ದರಿಂದ. ಕೆಲಸ ಮುಗಿದು ಮತ್ತೆ ತೆರೆದದ್ದು 1993ರಲ್ಲಿ. 7,269 ಕೊಳವೆಗಳ ಆರ್ಗನ್ ಅಲ್ಲಿದೆ. ನೋಡಬಂದವರಿಗೆ ಟಿಕೆಟ್ಟು, ಪ್ರಾರ್ಥನೆಗೆ ಬಂದವರಿಗೆ ಬಿಟ್ಟಿ. ಟಿಕೆಟ್ಟಿನವರ ಸಾಲೇ ಉದ್ದ.

ಕ್ಯಾಥೊಲಿಕರ ಸಂತ ಹೆಡ್ವಿಗ್ ಪ್ರಧಾನಾಲಯದ ಕಥೆ ಜಗಳದ ಕಥೆ. 1773ರ ಈ ದುಂಡು ಗುಮ್ಮಟ ಯುದ್ಧದಲ್ಲಿ ಸುಟ್ಟು, 1963ರ ಹೊತ್ತಿಗೆ ಹಾನ್ಸ್ ಶ್ವಿಪ್ಪರ್ಟ್ ಅವರ ಕೈಯಲ್ಲಿ ಮತ್ತೆ ಎದ್ದಿತು. ಅವರು ನೆಲದ ನಡುವೆ ಅಗಲವಾದ ತೆರಪು ಬಿಟ್ಟು, ಮೆಟ್ಟಿಲಿಳಿಸಿ, ಮೇಲಿನ ಚರ್ಚನ್ನು ಕೆಳಗಿನ ನೆಲಮಾಳಿಗೆಗೆ ಜೋಡಿಸಿದ್ದರು. ಪೂರ್ವ ಬರ್ಲಿನ್ನಿನ ಕ್ಯಾಥೊಲಿಕರು ಬೆಳೆದದ್ದು ಆ ಮೆಟ್ಟಿಲುಗಳನ್ನು ನೋಡಿಕೊಂಡೇ. 2018ರಲ್ಲಿ ಪ್ರಧಾನಾಲಯವನ್ನು ಮುಚ್ಚಿ, ತೆರಪನ್ನು ತುಂಬಿಸಿ, ಬಲಿಪೀಠವನ್ನು ಗುಮ್ಮಟದ ನಟ್ಟನಡುವೆ ಇಡುವ ಕೆಲಸ ಆರಂಭವಾಯಿತು. ಪೀಠದ ಸುತ್ತ ಭಕ್ತರು ಕೂರಬೇಕು ಎಂಬುದು ಒಂದು ವಾದ. ವಿಭಜನೆಯ ಕಾಲದ ಕಲೆಯನ್ನು ಅಳಿಸುತ್ತಿದ್ದೀರಿ ಎಂಬುದು ಇನ್ನೊಂದು. ಮಾತು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ ಇಳಿಯಿತು. 2024ರ ನವೆಂಬರ್ 24ರಂದು ಬಿಳಿಬಿಳಿಯಾಗಿ, ಅಲಂಕಾರವಿಲ್ಲದೆ ಪ್ರಧಾನಾಲಯ ಮತ್ತೆ ತೆರೆಯಿತು. ಯೆಹೂದ್ಯರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿ, ನಾಜಿಗಳ ಸೆರೆ ಕಂಡು, 1943ರಲ್ಲಿ ಡಾಖೌ ಶಿಬಿರಕ್ಕೆ ಒಯ್ಯುವ ದಾರಿಯಲ್ಲಿ ಸತ್ತ ಇಲ್ಲಿನ ಗುರು ಬೆರ್ನ್‌ಹಾರ್ಡ್ ಲಿಖ್ಟೆನ್‌ಬೆರ್ಗ್ ಅವರ ನೆನಪು ಮಾತ್ರ ಯಾವ ವಾದಕ್ಕೂ ಸಿಕ್ಕಿಕೊಂಡಿಲ್ಲ.

ಭಕ್ತರೇ ಇಲ್ಲದ ಚರ್ಚುಗಳು ಬೇರೆ ಬಾಳು ಹಿಡಿದಿವೆ. ಊರಿನ ಅತ್ಯಂತ ಹಳೆಯದಾದ ನಿಕೊಲಾಯ್ ಚರ್ಚು ವಸ್ತುಸಂಗ್ರಹಾಲಯ. ಕೂಡಿದ ಬರ್ಲಿನ್ನಿನ ಮೊದಲ ಶಾಸನಸಭೆ 1991ರ ಜನವರಿಯಲ್ಲಿ ಸೇರಿದ್ದು ಅದರೊಳಗೆ. ಕ್ರೊಯಿತ್ಸ್‌ಬೆರ್ಗ್ ಪ್ರದೇಶದ ಸಂತ ಆಗ್ನೆಸ್, 1960ರ ದಶಕದ ಕಾಂಕ್ರೀಟು ಪೆಟ್ಟಿಗೆಯಂಥ ಚರ್ಚು, 2015ರಿಂದ ಚಿತ್ರಕಲಾ ಮಳಿಗೆ. ಮೊವಾಬಿಟ್ ಪ್ರದೇಶದ ಸಂತ ಯೊಹಾನಿಸ್ ಚರ್ಚಿನ ಕಟ್ಟಡದಲ್ಲಿ 2017ರಲ್ಲಿ ಬಾಡಿಗೆಗೆ ಬಂದದ್ದು ಒಂದು ಮಸೀದಿ: ಗಂಡಸರೂ ಹೆಂಗಸರೂ ಒಟ್ಟಿಗೆ ನಮಾಜು ಮಾಡುವ, ವಕೀಲೆ ಸೆಯ್ರಾನ್ ಆತೆಷ್ ಸ್ಥಾಪಿಸಿದ ಇಬ್ನ್ ರುಶ್ದ್-ಗಯಟೆ ಮಸೀದಿ. ಮುಸ್ಲಿಮರಲ್ಲೇ ಹಲವರಿಗೆ ಅದು ಹಿಡಿಸಲಿಲ್ಲ; ಸ್ಥಾಪಕಿ ಪೊಲೀಸರ ಕಾವಲಿನಲ್ಲಿ ಓಡಾಡುವಂತಾಯಿತು.

ಚರ್ಚು ನಿಜವಾಗಿ ತುಂಬಿರುವುದು ಎಲ್ಲಿ ಎಂದು ಹುಡುಕಿದರೆ ಎರಡು ಕಡೆ ಉತ್ತರ ಸಿಗುತ್ತದೆ. ಮೊದಲನೆಯದು ಹೊರಗಿನಿಂದ ಬಂದವರ ಸಭೆಗಳಲ್ಲಿ. ಪೋಲೆಂಡಿನ ಕ್ಯಾಥೊಲಿಕರು, ಆಫ್ರಿಕಾದ ಪೆಂಟೆಕೋಸ್ಟ್ ಸಭೆಗಳು, ಕೊರಿಯದವರು, ರಷ್ಯದ ಆರ್ಥೊಡಾಕ್ಸರು ತಮ್ಮ ತಮ್ಮ ನುಡಿಯಲ್ಲಿ ಆರಾಧನೆ ನಡೆಸುತ್ತಾರೆ. ಜರ್ಮನ್ ಸಭೆಯ ಬೆಳಗಿನ ಆರಾಧನೆ ಮುಗಿದ ಮೇಲೆ ಅದೇ ಕಟ್ಟಡದಲ್ಲಿ ಮಧ್ಯಾಹ್ನ ಬೇರೆ ಭಾಷೆಯ ಹಾಡು ಕೇಳುವುದುಂಟು. ಷ್ಟೆಗ್ಲಿಟ್ಸ್ ಪ್ರದೇಶದ ತ್ರಿತ್ವ ಚರ್ಚು ಎಂಬ ಸಣ್ಣ ಲೂಥರನ್ ಸಭೆಗೆ ಇರಾನ್, ಅಫ್ಘಾನಿಸ್ತಾನಗಳಿಂದ ಬಂದ ನೂರಾರು ಮಂದಿ ಸೇರಿ, ಸಭೆಯ ಮುಖವೇ ಬದಲಾಯಿತು. ಧರ್ಮ ಬದಲಿಸಿದವರನ್ನು ವಾಪಸು ಕಳಿಸಿದರೆ ಅಲ್ಲಿ ಜೀವಕ್ಕೆ ಕುತ್ತು. ಹಾಗಾಗಿ ಅವರ ನಂಬಿಕೆ ಎಷ್ಟು ನಿಜ ಎಂದು ಆಶ್ರಯದ ಅರ್ಜಿ ನೋಡುವ ಅಧಿಕಾರಿಗಳು ಪ್ರಶ್ನೆ ಕೇಳುತ್ತಾರೆ. ಭಕ್ತಿಯನ್ನು ಕಚೇರಿಯಲ್ಲಿ ಕೂತು ಅಳೆಯುವ ಈ ಕೆಲಸ ಯಾರಿಗೂ ಶೋಭೆ ತರುವಂಥದಲ್ಲ.

ಎರಡನೆಯದು ಊಟದ ಸಾಲಿನಲ್ಲಿ. ಅಂಗಡಿಗಳಲ್ಲಿ ಮಾರದೆ ಉಳಿದ ತರಕಾರಿ, ಬ್ರೆಡ್ಡುಗಳನ್ನು ಒಟ್ಟುಮಾಡಿ ಬಡವರಿಗೆ ಹಂಚುವ ‘ಲೈಬ್ ಉಂಡ್ ಜೇಲೆ’ ಎಂಬ ವ್ಯವಸ್ಥೆ 2005ರಿಂದ ನಡೆಯುತ್ತಿದೆ. ಬರ್ಲಿನ್ನಿನ ಆಹಾರ ಹಂಚಿಕೆ ಸಂಘ, ಚರ್ಚುಗಳು ಮತ್ತು ಅಲ್ಲಿನ ಬಾನುಲಿ ಸಂಸ್ಥೆ ಸೇರಿ ಮಾಡಿದ ಏರ್ಪಾಡಿದು. ನಲವತ್ತಕ್ಕೂ ಹೆಚ್ಚು ಸಭೆಗಳಲ್ಲಿ ಹಂಚಿಕೆ ಕೇಂದ್ರಗಳಿವೆ. ಚಳಿಗಾಲದಲ್ಲಿ ಸೂರಿಲ್ಲದವರಿಗೆ ಸಭಾಭವನಗಳಲ್ಲಿ ರಾತ್ರಿ ಮಲಗಲು ಜಾಗ ಕೊಡುತ್ತಾರೆ. ಗಡೀಪಾರಿನ ಭಯದಲ್ಲಿರುವವರನ್ನು ಚರ್ಚಿನೊಳಗೆ ಇಟ್ಟುಕೊಂಡು ಕಾಪಾಡುವ ಪದ್ಧತಿ ಜರ್ಮನಿಯಲ್ಲಿ ಬೇರೂರಿದ್ದೂ ಈ ಊರಿನಿಂದಲೇ. 1983ರಲ್ಲಿ ಕೆಮಾಲ್ ಆಲ್ತುನ್ ಎಂಬ ಟರ್ಕಿಯ ಯುವಕ ಗಡೀಪಾರಿಗೆ ಹೆದರಿ ನ್ಯಾಯಾಲಯದ ಕಿಟಕಿಯಿಂದ ಹಾರಿ ಸತ್ತ. ಅದೇ ವರ್ಷ ಕ್ರೊಯಿತ್ಸ್‌ಬೆರ್ಗ್ ಪ್ರದೇಶದ ಪವಿತ್ರ ಶಿಲುಬೆ ಚರ್ಚಿನ ಸಭೆ ಪ್ಯಾಲೆಸ್ತೀನಿನ ಕುಟುಂಬಗಳಿಗೆ ಆಸರೆ ಕೊಟ್ಟಿತು. ಇದಕ್ಕೆ ಕಾನೂನಿನ ಬಲ ಇಲ್ಲ. ಆದರೂ ಪೊಲೀಸರು ಸಾಮಾನ್ಯವಾಗಿ ಚರ್ಚಿನ ಬಾಗಿಲು ಒಡೆಯುವುದಿಲ್ಲ.

ಹೊಸದಾಗಿ ಕಟ್ಟುವ ಆಸೆಯೂ ಒಂದಿದೆ. ಪೂರ್ವದ ಪೇತ್ರ ಚರ್ಚಿನ ಅವಶೇಷವನ್ನು 1964ರಲ್ಲಿ ತೆಗೆದುಹಾಕಿ, ಜಾಗವನ್ನು ಕಾರು ನಿಲ್ಲಿಸಲು ಬಿಟ್ಟಿದ್ದರು. ಬರ್ಲಿನ್ ಹುಟ್ಟಿದ ವರ್ಷವೆಂದು ಎಣಿಸುವ 1237ರ ದಾಖಲೆಯಲ್ಲಿ ಕಾಣುವ ಹೆಸರು ಈ ಭಾಗದ ಚರ್ಚಿನ ಗುರು ಸಿಮಿಯೋನನದು. ಉತ್ಖನನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಮಾಧಿಗಳು ಸಿಕ್ಕವು. ಅದೇ ನೆಲದ ಮೇಲೆ ಚರ್ಚು, ಸಿನಗಾಗು, ಮಸೀದಿ ಮೂರೂ ಒಂದೇ ಸೂರಿನಡಿ, ನಡುವೆ ಎಲ್ಲರೂ ಕೂಡುವ ಒಂದು ಕೋಣೆ ಎಂಬ ನಕ್ಷೆಗೆ 2021ರ ಮೇ 27ರಂದು ಅಡಿಗಲ್ಲು ಬಿತ್ತು. ಯೋಚನೆ ದೊಡ್ಡದು. ಆದರೆ ಮೂರು ಧರ್ಮದವರು ಒಟ್ಟಾಗಿ ಕಟ್ಟುವುದಕ್ಕಿಂತ ಮೂರು ಧರ್ಮದ ಜನ ಒಟ್ಟಾಗಿ ಬಂದು ಕೂರುವುದು ಕಷ್ಟ, ಅದೂ ಬರ್ಲಿನ್ನಿನಂಥ ಊರಿನಲ್ಲಿ.

ಭಾರತಕ್ಕೂ ಈ ಊರಿನ ಚರ್ಚುಗಳಿಗೂ ಒಂದು ನಂಟಿದೆ. ಕನ್ನಡಿಗರಿಗೆ ಪರಿಚಯವಿರುವ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನದು. ಆದರೆ ಛೋಟಾನಾಗಪುರದ ಆದಿವಾಸಿಗಳ ನಡುವೆ ಕೆಲಸ ಮಾಡಿದ ಗೊಸ್ನರ್ ಮಿಶನ್ ಬರ್ಲಿನ್ನಿನದು. ಅದನ್ನು 1836ರಲ್ಲಿ ಸ್ಥಾಪಿಸಿದ ಯೊಹಾನೆಸ್ ಗೊಸ್ನರ್ ಬೊಹೀಮಿಯದಿಂದ ಬಂದವರ ಬೆತ್ಲೆಹೇಮ್ ಚರ್ಚಿನ ಸಭಾಪಾಲಕರಾಗಿದ್ದರು. ಅವರು ಕಳಿಸಿದವರು 1845ರಲ್ಲಿ ರಾಂಚಿ ತಲುಪಿದರು. ಅವರು ಅಲ್ಲಿ ಕಟ್ಟಿದ ಸಭೆ 1919ರಲ್ಲಿ ಸ್ವತಂತ್ರವಾಯಿತು. ಅದರ ಸದಸ್ಯರ ಸಂಖ್ಯೆ ಇಂದು ಲಕ್ಷಗಳಲ್ಲಿದೆ. ಬರ್ಲಿನ್ನಿನ ಮೂಲ ಚರ್ಚು ಮಾತ್ರ 1943ರ ಬಾಂಬಿಗೆ ಸಿಕ್ಕಿ, 1963ರಲ್ಲಿ ಪೂರ್ತಿ ನೆಲಸಮವಾಯಿತು. ಅದು ನಿಂತಿದ್ದ ಚೌಕದ ನೆಲಹಾಸಿನಲ್ಲಿ ಈಗ ಬಣ್ಣದ ಕಲ್ಲುಗಳಿಂದ ಅದರ ತಳಪಾಯದ ಗುರುತು ಬರೆದಿದೆ. ಅದರ ಮೇಲೆ 2012ರಲ್ಲಿ ಸ್ಪೇನಿನ ಕಲಾವಿದ ಹುವಾನ್ ಗರೈಸಾಬಾಲ್ ಚರ್ಚಿನ ಹೊರಗೆರೆಯನ್ನಷ್ಟೇ ಉಕ್ಕಿನ ಕಂಬಿಗಳಲ್ಲಿ, ಮೊದಲಿನ ಅಳತೆಯಲ್ಲೇ, ನಿಲ್ಲಿಸಿದ್ದಾರೆ. ಗೋಡೆಯಿಲ್ಲ, ಬಾಗಿಲಿಲ್ಲ; ಕತ್ತಲಾದ ಮೇಲೆ ಕಂಬಿಗಳಿಗೆ ದೀಪ ಹತ್ತುತ್ತದೆ.